ಅಮ್ಮನ ಬಲ ಮಣಿಕಟ್ಟು ಮುರಿದಿದೆ, ಮೂಳೆ ಟೊಳ್ಳಾಗಿದೆ ಅಂತಾರೆ. ಕೂಡಿಕೊಳ್ಳುತ್ತಾ?

ಮುಳಬಾಗಿಲ ಮಗಳು
ಮಂಗಳವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮಾಲೂರಿನಲ್ಲಿ. ತವರು ಮುಳಬಾಗಿಲು ಹತ್ತಿರದ ಒಂದು ಹಳ್ಳಿ. ಅಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇದ್ದಾರೆ. ಅಮ್ಮನಿಗೆ 66 ವರ್ಷ.

ಹೋದ ವಾರದ ಹಿಂದಿನ ವಾರ, ಗುರುವಾರ ಬೆಳಿಗ್ಗೆ ಅಮ್ಮ ಡೇರಿಗೆ ಹಾಲು ಹಾಕಲು ಹೊರಟಿದ್ದರು. ರಾತ್ರಿ ಮಳೆ ಬಂದಿತ್ತು. ಕೊಟ್ಟಿಗೆ ಮುಂದಿನ ಚಪ್ಪಡಿ ಮೇಲೆ ಕಾಲು ಜಾರಿತು. ಎಡಗೈಯಲ್ಲಿ ಹಾಲಿನ ಕ್ಯಾನು ಇತ್ತು. ಅದು ಚೆಲ್ಲದಿರಲಿ ಅಂತ ಬಲಗೈ ಊರಿದ್ದಾರೆ. ಎತ್ತರದಿಂದೇನೂ ಬೀಳಲಿಲ್ಲ, ನಿಂತ ಹಾಗೇ ಜಾರಿದ್ದು. ಆದರೂ ಮಣಿಕಟ್ಟು ಸೌಟಿನ ಹಾಗೆ ಬಾಗಿಹೋಯಿತು. ಹಾಲು ಮಾತ್ರ ಚೆಲ್ಲಿರಲಿಲ್ಲ. ಅತ್ತಿಗೆ ಓಡಿಬಂದಾಗ ಅಮ್ಮ ಹೇಳಿದ ಮೊದಲ ಮಾತು, "ಮೊದಲು ಕ್ಯಾನು ತಗೊಂಡು ಹೋಗಿ ಹಾಕಿ ಬಾ".

ಕೋಲಾರದಲ್ಲಿ ತೋರಿಸಿದೆವು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಳೆದು ಕೂರಿಸಿ, ಪ್ಲಾಸ್ಟರ್ ಪಟ್ಟಿ ಹಾಕಿದರು. ಇವತ್ತಿಗೆ 12 ದಿನ. ಬೆಳಿಗ್ಗೆ ಮತ್ತೆ ಎಕ್ಸ್‌ರೇ ತೆಗೆದರು. ಕೂರಿಸಿದ ಮೂಳೆ ಸ್ವಲ್ಪ ಕುಸಿದಿದೆ ಅಂತೆ. ಡಾಕ್ಟರು ಎರಡು ದಾರಿ ಹೇಳಿದರು. ಹೀಗೇ 6 ವಾರ ಪಟ್ಟಿಯಲ್ಲಿ ಬಿಡುವುದು, ಇಲ್ಲ ಪ್ಲೇಟು, ಸ್ಕ್ರೂ ಹಾಕುವುದು. ಆದರೆ "ಅಜ್ಜಿ ಮೂಳೆ ಟೊಳ್ಳಾಗಿದೆ, ಸ್ಕ್ರೂ ಹಿಡಿತ ಹೇಗಿರುತ್ತೋ ನೋಡಬೇಕು" ಅಂದರು. ಯೋಚನೆ ಮಾಡಿ ಶುಕ್ರವಾರ ಬನ್ನಿ ಅಂದಿದ್ದಾರೆ.

ನನಗೆ ತಲೆ ಕೆಟ್ಟಿದೆ. ಟೊಳ್ಳು ಮೂಳೆ ಕೂಡುತ್ತಾ, ಇಲ್ಲವಾ? ಕೂಡಿದರೂ ಮತ್ತೆ ಮುರಿಯುತ್ತಾ? ಅಮ್ಮ ದಿನಕ್ಕೆ ಎರಡು ಹೊತ್ತು ರಾಗಿ ಮುದ್ದೆ ತಿಂದವರು. ಅವರಿಗೆ ಮೂಳೆ ಸವೆಯುವುದು ಹೇಗೆ? ಮನೆಯಲ್ಲಿ ನೆಂಟರೆಲ್ಲ ಪುತ್ತೂರು ಕಟ್ಟು (ಆಂಧ್ರದ ಪುತ್ತೂರಿನಲ್ಲಿ ಮೂಳೆಗೆ ಹಾಕುವ ನಾಟಿ ಕಟ್ಟು) ಹಾಕಿಸಿ ಅಂತ ಒಂದೇ ಸಮ ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.


ಶ್ರೀನಿವಾಸಪುರದ ರೈತ
ಮಂಗಳವಾರ, ರಾತ್ರಿ 10:05

ಅಕ್ಕ, ಹೆದರಬೇಡಿ. ನಮ್ಮ ಚಿಕ್ಕಪ್ಪ ಮಾವಿನ ಮರದಿಂದ ಬಿದ್ದು ಮೊಣಕಾಲ ಕೆಳಗೆ ಮುರಿದಿತ್ತು. ಪುತ್ತೂರಿಗೆ ಕರೆದುಕೊಂಡು ಹೋದೆವು. ಮೂರು ಕಟ್ಟಿಗೆ ಸರಿಹೋಯಿತು, ಈಗ ಗದ್ದೆ ಉಳುತ್ತಾರೆ. ಆಗ ಅವರಿಗೆ 34 ವರ್ಷ ಇರಬಹುದು. ನಮ್ಮ ಕಡೆ ಎಲ್ಲರೂ ಅಲ್ಲಿಗೇ ಹೋಗುವುದು. ಆಪರೇಷನ್‌ಗೆ ಅವಸರ ಮಾಡಬೇಡಿ.


ನಿವೃತ್ತ ನರ್ಸ್, ಕೋಲಾರ
ಬುಧವಾರ, ಬೆಳಿಗ್ಗೆ 6:15

ತಂಗಿ, ನಿನ್ನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು 26 ವರ್ಷ ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ನನ್ನ ಎಡ ಮಣಿಕಟ್ಟೂ 61ನೇ ವಯಸ್ಸಿನಲ್ಲಿ ಹೀಗೇ ಮುರಿಯಿತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಕೈ ಊರಿದ್ದೆ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ನಿನ್ನ ದೊಡ್ಡ ಭಯಕ್ಕೆ ಉತ್ತರ. ಕೂಡುತ್ತದೆ. ಮಣಿಕಟ್ಟಿನ ಈ ಜಾಗದಲ್ಲಿ ಮೂಳೆ ಕೂಡದೆ ಉಳಿಯುವುದು ತೀರ ಅಪರೂಪ. ಮೂಳೆ ಸಾಂದ್ರತೆ ಕಡಿಮೆ ಇರುವವರಿಗೂ ಅಷ್ಟೇ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತಗಿನ ಅಂಟಿನಂಥ ಗಂಟು ಬೆಳೆಯುತ್ತದೆ. ಆಮೇಲೆ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. 6 ವಾರಕ್ಕೆ ಪಟ್ಟಿ ಬಿಚ್ಚುವಷ್ಟು ಗಟ್ಟಿ ಆಗಿರುತ್ತದೆ. ಒಳಗಿನ ತಿದ್ದುವ ಕೆಲಸ ಒಂದು ವರ್ಷ, ಅದಕ್ಕಿಂತ ಜಾಸ್ತಿಯೂ ನಡೆಯುತ್ತದೆ. ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಇದ್ದವರಲ್ಲಿ ಈ ಗಂಟು ಸ್ವಲ್ಪ ಬಡವಾಗಿ ಬೆಳೆಯಬಹುದು. ಆದರೆ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಆಕಾರ ಉಳಿಸಿಕೊಳ್ಳುವುದರಲ್ಲಿ. ಮಣಿಕಟ್ಟಿನ ಹತ್ತಿರ ಮೂಳೆಯ ಒಳಗೆ ಜಾಲರಿ ಇರುತ್ತದೆ. ಮೇಲಿನ ಸಿಪ್ಪೆ ತೆಳ್ಳಗೆ. ಆಸ್ಟಿಯೋಪೊರೋಸಿಸ್‌ನಲ್ಲಿ ಜಾಲರಿಯ ಎಳೆಗಳು ಸಣ್ಣಗಾಗಿ ಅಲ್ಲಲ್ಲಿ ಕಡಿದುಹೋಗಿರುತ್ತವೆ. ಬಿದ್ದಾಗ ಆ ಜಾಲರಿ ಬರಿ ಮುರಿಯುವುದಿಲ್ಲ, ನಜ್ಜುಗುಜ್ಜಾಗುತ್ತದೆ. ಡಾಕ್ಟರು ಎಳೆದು ನೆಟ್ಟಗೆ ಕೂರಿಸಿದಾಗ ನಜ್ಜಾದ ಜಾಗದಲ್ಲಿ ಪೊಳ್ಳು ಉಳಿಯುತ್ತದೆ. ಒಳಗೆ ಆಸರೆ ಇಲ್ಲ. ಮೊದಲ ಎರಡು ವಾರದಲ್ಲಿ ಪಟ್ಟಿಯ ಒಳಗೇ ಮೂಳೆ ಮೆಲ್ಲಗೆ ಕೆಳಗೆ ಕೂರುತ್ತದೆ. ಅದಕ್ಕೇ ಒಂದು ವಾರಕ್ಕೆ, ಎರಡು ವಾರಕ್ಕೆ ಎಕ್ಸ್‌ರೇ ತೆಗೆಯುವುದು. ನಿಮ್ಮಮ್ಮನಿಗೆ ಆಗಿರುವುದು ಇದೇ. ಯಾರ ತಪ್ಪೂ ಅಲ್ಲ.

ಸ್ಕ್ರೂ ಮಾತು. ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದರೆ ಹೇಗೆ, ಹಳೆ ಕಾಲದ ಪ್ಲೇಟಿನಲ್ಲಿ ಹಾಗೇ ಆಗುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಡಿಲವಾದ ಸ್ಕ್ರೂಗಳನ್ನು ಎಷ್ಟೋ ನೋಡಿದ್ದೇನೆ. ಈಗ ಲಾಕಿಂಗ್ ಪ್ಲೇಟು ಬಂದಿದೆ. ಅದರಲ್ಲಿ ಸ್ಕ್ರೂವಿನ ತಲೆ ಪ್ಲೇಟಿಗೇ ಮರೆ ತಿರುಗಿ ಕೂರುತ್ತದೆ. ಮೂಳೆಯ ಹಿಡಿತ ಕಡಿಮೆ ಇದ್ದರೂ ಇಡೀ ಚೌಕಟ್ಟು ಒಂದಾಗಿ ನಿಲ್ಲುತ್ತದೆ. ಆದ್ದರಿಂದ ಟೊಳ್ಳು ಮೂಳೆಗೆ ಆಪರೇಷನ್ ಮಾಡಲೇಬಾರದು ಅಂತ ಏನಿಲ್ಲ.

ಆದರೆ ಬೇಕಾ ಅನ್ನುವುದು ಬೇರೆ ಪ್ರಶ್ನೆ. 65 ದಾಟಿದವರಲ್ಲಿ ಪ್ಲೇಟು ಹಾಕಿದವರನ್ನೂ ಪಟ್ಟಿಯಲ್ಲಿ ಬಿಟ್ಟವರನ್ನೂ ಹೋಲಿಸಿ ನೋಡಿದ್ದಾರೆ. ಮೊದಲ ಕೆಲವು ತಿಂಗಳು ಪ್ಲೇಟಿನವರು ಮುಂದೆ ಇರುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ದಿನದ ಕೆಲಸದಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಪಟ್ಟಿಯವರ ಎಕ್ಸ್‌ರೇ ಸೊಟ್ಟ ಕಾಣುತ್ತದೆ, ಮಣಿಕಟ್ಟಿನ ಗಂಟು ಎದ್ದು ಕಾಣುತ್ತದೆ. ಆದರೆ ಕೈ ಕೆಲಸ ಮಾಡುತ್ತದೆ. ಈ ಮುರಿತಕ್ಕೆ ಕೋಲೀಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಅಬ್ರಹಾಂ ಕೋಲೀಸ್ ಅನ್ನುವ ಐರ್ಲೆಂಡಿನ ಸರ್ಜನ್ 1814ರಲ್ಲಿ ಇದರ ಬಗ್ಗೆ ಬರೆದರು. ಆಗ ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1895ರಲ್ಲಿ. ಸೊಟ್ಟ ಹಾಗೇ ಉಳಿದರೂ ಕಾಲಕ್ರಮೇಣ ಕೈಯ ಚಲನೆ ತಿರುಗಿ ಬರುತ್ತದೆ ಅಂತ ಅವರೇ ಬರೆದಿಟ್ಟಿದ್ದಾರೆ. ವಾರ್ಡಿನಲ್ಲಿ ನಾನು ಕಂಡದ್ದೂ ಅದೇ.

ಹಾಗಂತ ಪಟ್ಟಿಯೇ ಸಾಕು ಅಂತ ನಾನು ಇಲ್ಲಿಂದ ಹೇಳಲಾರೆ. ಶುಕ್ರವಾರ ಡಾಕ್ಟರನ್ನು ಇಷ್ಟು ಕೇಳು. ಮುರಿತ ಕೀಲಿನ ಒಳಗೆ ಹೋಗಿದೆಯಾ? ಎಷ್ಟು ಮಿಲಿಮೀಟರ್ ಗಿಡ್ಡ ಆಗಿದೆ? ಎಷ್ಟು ಬಾಗಿದೆ? ಕೀಲಿನ ಮೇಲ್ಮೈ ಒಡೆದು ಮೆಟ್ಟಿಲಾಗಿದ್ದರೆ ಪ್ಲೇಟು ಹಾಕಿಸುವುದು ಒಳ್ಳೆಯದಾಗಬಹುದು. ಬಲಗೈ, ಇನ್ನೂ ದುಡಿಯುವ ಹೆಂಗಸು, ಹಾಲು ಕರೆಯುತ್ತಾರೆ ಅನ್ನುವುದನ್ನೂ ಮರೆಯದೆ ಹೇಳು. ಅಜ್ಜಿ ಅಂತ ಅಂದುಕೊಂಡರೆ ಒಂದು ತೀರ್ಮಾನ, ದಿನಕ್ಕೆ ಎರಡು ಹೊತ್ತು ಹಸು ಕರೆಯುವವರು ಅಂತ ಗೊತ್ತಾದರೆ ಇನ್ನೊಂದು ತೀರ್ಮಾನ ಬರಬಹುದು. ಮಾಡಿಸುವುದಾದರೆ ತಡ ಬೇಡ. ಮೂರು ವಾರ ದಾಟಿದರೆ ಮೂಳೆ ಅರ್ಧ ಅಂಟಿಕೊಂಡು ಕೂರಿಸುವುದು ಕಷ್ಟವಾಗುತ್ತದೆ.

ಕಟ್ಟಿನ ವಿಷಯ. ಶ್ರೀನಿವಾಸಪುರದ ಅಣ್ಣನ ಮಾತು ಸುಳ್ಳಲ್ಲ. 34ರ ಗಂಡಸಿನ ಮೂಳೆ ಅಲುಗಾಡದಂತೆ ಇಟ್ಟರೆ ಸಾಕು, ತಾನೇ ಕೂಡುತ್ತದೆ. 66ರ ಹೆಂಗಸಿನ ಕೈ ಹಾಗಲ್ಲ. ಚರ್ಮ ತೆಳು, ಊತ ಜಾಸ್ತಿ, ಬಿದಿರು ದಬ್ಬೆ ಬಿಗಿದರೆ ರಕ್ತದ ಓಡಾಟಕ್ಕೇ ಕುತ್ತು. ಒಳಗೆ ಮೂಳೆ ಕುಸಿಯುತ್ತಿದೆಯಾ ಅಂತ ಯಾರೂ ನೋಡುವುದಿಲ್ಲ. ಎಲ್ಲೋ ಕಟ್ಟು ಹಾಕಿಸಿಕೊಂಡು, ಬೆರಳು ಕಪ್ಪಾದ ಮೇಲೆ ನಮ್ಮ ವಾರ್ಡಿಗೆ ಬಂದ ಒಬ್ಬ ಅಜ್ಜಿಯ ಮುಖ ನನಗೆ ಇನ್ನೂ ನೆನಪಿದೆ. ಈಗಾಗಲೇ ಪಟ್ಟಿ ಹಾಕಿಸಿದ್ದೀರಿ. ಅದನ್ನು ಬಿಚ್ಚಿಸಬೇಡಿ.

ಪಟ್ಟಿ ಇರುವಾಗ ಬೆರಳು ನೀಲಿ ಆದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳನ್ನು ನೀವು ನೆಟ್ಟಗೆ ಎಳೆದಾಗ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅದೇ ರಾತ್ರಿ ಹೊರಡಿ. ಕೈಯಲ್ಲಿ ಬಳೆ, ಉಂಗುರ ಇದ್ದರೆ ಇವತ್ತೇ ತೆಗೆಸಿ.

ಇನ್ನು ನನ್ನ ಕಡೆಯಿಂದ ಒಂದು ಬೇಡಿಕೆ. ನನ್ನ ತಾಯಿಗೆ 60ರಲ್ಲಿ ಮಣಿಕಟ್ಟು ಮುರಿಯಿತು. ಪಟ್ಟಿ ಹಾಕಿಸಿದೆವು, ಕೂಡಿತು, ಮರೆತೆವು. 72ರಲ್ಲಿ ಬಚ್ಚಲಲ್ಲಿ ಬಿದ್ದು ತೊಡೆಯ ಸಂದು ಮುರಿಯಿತು. ಹಾಸಿಗೆಯಿಂದ ಮತ್ತೆ ಏಳಲಿಲ್ಲ. ಆ ವರ್ಷವೇ ಹೋದರು. ನಾನು ಮೂಳೆ ವಾರ್ಡಿನಲ್ಲೇ ಇದ್ದೆ. ಆ 12 ವರ್ಷದಲ್ಲಿ ಅವರ ಮೂಳೆಗೆ ಔಷಧಿ ಕೊಡಿಸಬಹುದಿತ್ತು. ನಾವು ಕೈಗೆ ವೈದ್ಯ ಮಾಡಿಸಿದೆವು, ಮೂಳೆಗೆ ಮಾಡಿಸಲಿಲ್ಲ. ನಿಂತ ಎತ್ತರದಿಂದ ಬಿದ್ದು ಒಂದು ಮೂಳೆ ಮುರಿದವರಿಗೆ ಇನ್ನೊಂದು ಮುರಿಯುವ ಸಂಭವ ಬೇರೆಯವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ನಿಮ್ಮಮ್ಮನಿಗೆ ಆ ದಾರಿ ಆಗದಿರಲಿ.

ಎರಡು ವಿಷಯ ತಿಳಿಸು. ಅಮ್ಮನಿಗೆ ಮುಟ್ಟು ನಿಂತದ್ದು ಯಾವಾಗ? ಮೊದಲಿಗಿಂತ ಗಿಡ್ಡ ಆಗಿದ್ದಾರಾ, ಬೆನ್ನು ಬಾಗಿದೆಯಾ?


ಮುಳಬಾಗಿಲ ಮಗಳು
ಬುಧವಾರ, ಮಧ್ಯಾಹ್ನ 2:30

ಅಕ್ಕ, ನಿಮ್ಮ ತಾಯಿಯ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ಇಷ್ಟು ಬಿಡಿಸಿ ನಮಗೆ ಯಾರೂ ಹೇಳಿರಲಿಲ್ಲ.

ಅಮ್ಮನಿಗೆ 38ಕ್ಕೇ ಗರ್ಭಕೋಶ ತೆಗೆಸಿದ್ದರು. ಜಾಸ್ತಿ ರಕ್ತ ಹೋಗುತ್ತಿತ್ತು ಅಂತ. ಅಂಡಾಶಯವನ್ನೂ ತೆಗೆದಿದ್ದಾರೆ, ಹಳೆ ಚೀಟಿ ಹುಡುಕಿ ನೋಡಿದೆ.

ಗಿಡ್ಡ ಆಗಿದ್ದಾರಾ ಅಂತ ಕೇಳಿದಿರಲ್ಲ, ಅತ್ತಿಗೆಗೆ ಫೋನು ಮಾಡಿದೆ. ಅಡುಗೆಮನೆ ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆಯನ್ನು ಅಮ್ಮ ಮೊದಲು ಕೈ ಎತ್ತಿ ತೆಗೆಯುತ್ತಿದ್ದರಂತೆ. ಈಗ ಎರಡು ಮೂರು ವರ್ಷದಿಂದ ಮಣೆ ಹಾಕಿಕೊಂಡು ಹತ್ತುತ್ತಾರಂತೆ. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಬೆನ್ನು ನೋವು ಅಂತ ಆಗಾಗ ಹೇಳುತ್ತಿದ್ದರು. ವಯಸ್ಸು ಅಂದುಕೊಂಡೆವು.

ಮನೆಯಲ್ಲಿ ಎರಡು ಹಸು ಇದೆ. ಆದರೆ ಅಮ್ಮ ಹಾಲು ಕುಡಿಯುವುದಿಲ್ಲ. ಟೀಗೆ ಒಂದು ಲೋಟ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಡೇರಿಗೆ. ಕಾಲು ಸೂಪು ಮಾಡಿ ಕೊಡುತ್ತಿದ್ದೇವೆ. ಅದು ಒಳ್ಳೆಯದು ತಾನೇ?


ನಿವೃತ್ತ ನರ್ಸ್, ಕೋಲಾರ
ಬುಧವಾರ, ಸಂಜೆ 5:10

ಆ ಮಡಕೆಯ ವಿಷಯವನ್ನು ಹಾಗೇ ಡಾಕ್ಟರಿಗೆ ಹೇಳು ತಂಗಿ. ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಿ ಅಂತ ನೀನೇ ಬಾಯಿ ಬಿಟ್ಟು ಕೇಳು. ಬೆನ್ನಿನ ಮಣಿಗಳು ಸದ್ದಿಲ್ಲದೆ ಕುಸಿದಿರುತ್ತವೆ, ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಕೈ ಮುರಿದದ್ದು ಅವರಿಗೆ ಮೊದಲ ಮುರಿತ ಅಲ್ಲದೆ ಇರಬಹುದು.

ಅಂಡಾಶಯ ತೆಗೆದ ದಿನದಿಂದ ಮೂಳೆ ಕಾಯುವ ಹಾರ್ಮೋನು ಈಸ್ಟ್ರೋಜನ್ ನಿಂತುಹೋಯಿತು. ಬೇರೆ ಹೆಂಗಸರಿಗೆ 46, 48ಕ್ಕೆ ಶುರುವಾಗುವ ಸವೆತ ನಿಮ್ಮಮ್ಮನಿಗೆ 38ಕ್ಕೇ ಶುರುವಾಗಿದೆ. ನಮ್ಮ ಹಳ್ಳಿಗಳಲ್ಲಿ ಇಂಥ ಹೆಂಗಸರು ಮನೆಗೊಬ್ಬರು ಸಿಗುತ್ತಾರೆ. ಅವರಿಗೆ ಮೂಳೆಯ ಬಗ್ಗೆ ಯಾರೂ ಒಂದು ಮಾತು ಹೇಳಿರುವುದಿಲ್ಲ. ಅದು ನನಗೆ ತುಂಬ ಸಂಕಟದ ವಿಷಯ.

ರಾಗಿ ನಿಜವಾಗಿ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಒಂದಷ್ಟು ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ. ಮುದ್ದೆ ಮುಂದುವರಿಸಿ, ಜೊತೆಗೆ ದಿನಕ್ಕೆ ಎರಡು ಲೋಟ ಹಾಲು ಅಮ್ಮನಿಗೆ ಮೀಸಲಿಡಿ. ಡೇರಿಗೆ ಅರ್ಧ ಲೀಟರ್ ಕಡಿಮೆ ಹೋಗಲಿ. ಕಾಲು ಸೂಪಿಗೆ ಕ್ಯಾಲ್ಸಿಯಂ ಅಷ್ಟೇನೂ ಇಳಿಯುವುದಿಲ್ಲ. ಬಾಯಿಗೆ ರುಚಿ ಅಂದರೆ ಕೊಡಿ, ಆದರೆ ಅದನ್ನೇ ನಂಬಬೇಡಿ. ಕೂಡುವ ಮೂಳೆಗೆ ಪ್ರೋಟೀನ್ ಬೇಕು. ಮೊಟ್ಟೆ, ಹುರುಳಿಕಾಳು ಬಸ್ಸಾರು, ಅವರೆಕಾಳು, ನುಗ್ಗೆಸೊಪ್ಪು, ಎಳ್ಳಿನ ಚಟ್ನಿಪುಡಿ. ಹುಳಿ ತಿಂದರೆ ಗಾಯ ಕೂಡಲ್ಲ ಅಂತ ಪಥ್ಯ ಹಿಡಿಸಿ ಅವರನ್ನು ಬರಿ ಗಂಜಿಯಲ್ಲಿ ಇಡಬೇಡಿ.

ರಕ್ತದಲ್ಲಿ ವಿಟಮಿನ್ ಡಿ ಮಟ್ಟವನ್ನೂ ನೋಡಿಸಿ. ಅದು ಕಡಿಮೆ ಇದ್ದರೆ ಬರಿ ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಮೈಗೆ ಹಿಡಿಯುವುದಿಲ್ಲ.


ಬಾಗೇಪಲ್ಲಿ ಮೇಷ್ಟ್ರು
ಬುಧವಾರ, ರಾತ್ರಿ 8:45

ಸಿಸ್ಟರ್ ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಒಂದು ಮಾತು ಸೇರಿಸುತ್ತೇನೆ, ನಮ್ಮ ಸೀಮೆಗೆ ಇದು ಬಹಳ ಮುಖ್ಯ. ನಿಮ್ಮ ತಾಯಿ ಇಷ್ಟು ವರ್ಷ ಯಾವ ನೀರು ಕುಡಿದರು?

ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸಾವಿರ ಅಡಿ ಕೆಳಗಿನ ಬೋರ್‌ವೆಲ್ ನೀರೇ ಗತಿ. ಅದರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳು ಎಷ್ಟೋ ಇವೆ. ಪಾವಗಡದ ಕಡೆಯೂ ಇದೇ ಕಥೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಆಗಬಹುದು ಅನ್ನುವುದು ನಿಯಮ. ನನ್ನ ತರಗತಿಯಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಅದು ಹಲ್ಲುಜ್ಜದ ಕೊಳೆ ಅಲ್ಲ.

ವರ್ಷಗಟ್ಟಲೆ ಕುಡಿದರೆ ಅದೇ ಫ್ಲೋರೈಡ್ ಮೂಳೆಗೂ ಸೇರುತ್ತದೆ. ನಮ್ಮ ತಂದೆಗೆ 70ರಲ್ಲಿ ತೋಳಿನ ಮೇಲ್ಭಾಗ, ಭುಜದ ಹತ್ತಿರ ಮುರಿಯಿತು. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಗಟ್ಟಿಯಾಗಿ ಕಂಡಿತು. ಮೂಳೆ ಚೆನ್ನಾಗಿದೆಯಲ್ಲ, ಹೇಗೆ ಮುರಿಯಿತು ಅಂತ ನಾನು ಕೇಳಿದೆ. ಫ್ಲೋರೈಡ್ ಸೇರಿದ ಮೂಳೆ ನೋಡಲು ದಪ್ಪ, ಆದರೆ ಬಿರುಸು, ಬಾಗುವ ಗುಣ ಇಲ್ಲ ಅಂತ ಡಾಕ್ಟರು ವಿವರಿಸಿದರು. ಬೆನ್ನಿನ ಸ್ಕ್ಯಾನಿನಲ್ಲಿ ಸಾಂದ್ರತೆಯ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು ಅಂತಲೂ ಹೇಳಿದರು. ಹಾಗಾಗಿ ಸ್ಕ್ಯಾನ್ ಮಾಡಿಸುವಾಗ ಊರಿನ ನೀರಿನ ವಿಷಯ ಹೇಳಿಬಿಡಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನು ತರಿಸಿ. ಕುಡಿಯಲು ಮಾತ್ರ ಅಲ್ಲ, ಮುದ್ದೆಗೆ, ಸಾರಿಗೆ ಎಸರು ಇಡಲೂ ಅದೇ ನೀರು ಬಳಸಿ. ನಮ್ಮ ಮನೆಯಲ್ಲಿ ಎಷ್ಟೋ ದಿನ ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಕೊಳಾಯಿ ನೀರು ಬಳಸುತ್ತಿದ್ದೆವು.


ಫಿಸಿಯೋ, ಚಿಂತಾಮಣಿ
ಗುರುವಾರ, ಮಧ್ಯಾಹ್ನ 1:15

ನಮಸ್ಕಾರ. ಪಟ್ಟಿ ಇರಲಿ, ಪ್ಲೇಟು ಇರಲಿ, ನನ್ನ ಹತ್ತಿರ ಬರುವ ಅಮ್ಮಂದಿರಿಗೆ ಮುರಿದ ಜಾಗಕ್ಕಿಂತ ಮುರಿಯದ ಜಾಗವೇ ಜಾಸ್ತಿ ಕಾಡುತ್ತದೆ. ಆರು ವಾರ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿರುತ್ತಾರೆ. ಬೆರಳು ಮಡಚಲು ಬರುವುದಿಲ್ಲ. ಭುಜ ಮೇಲೇಳುವುದಿಲ್ಲ. ಜುಟ್ಟು ಕಟ್ಟಿಕೊಳ್ಳಲು, ರವಿಕೆ ಹಾಕಿಕೊಳ್ಳಲು ಸೊಸೆ ಬೇಕು.

ಅದಕ್ಕೆ ಇವತ್ತಿನಿಂದಲೇ ಶುರು ಮಾಡಿಸಿ. ಗಂಟೆಗೊಮ್ಮೆ ಐದೂ ಬೆರಳು ಪೂರ್ತಿ ಮುಷ್ಟಿ, ಪೂರ್ತಿ ಬಿಚ್ಚುವುದು, ಹತ್ತು ಸಲ. ಮೊಣಕೈ ಪಟ್ಟಿಯ ಹೊರಗಿದ್ದರೆ ಮಡಚಿ ಚಾಚುವುದು. ಭುಜದಿಂದ ಇಡೀ ತೋಳನ್ನು ದಿನಕ್ಕೆ ಮೂರು ಸಲ ಕಿವಿಯವರೆಗೆ ಎತ್ತುವುದು. ಮಲಗಿದಾಗ ಕೈಯನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇಡಿ. ಊತ ಇಳಿದಷ್ಟೂ ಬೆರಳು ಸಲೀಸು.

ಪಟ್ಟಿ ಬಿಚ್ಚಿದ ಮೇಲೆ ಮುದ್ದೆ ಕೋಲು ನಿಮಗೆ ಒಳ್ಳೆಯ ಸಾಧನ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕೋಲನ್ನು ನಡುವೆ ಹಿಡಿದು, ನಿಧಾನವಾಗಿ ಅಂಗೈ ಮೇಲೆ ಕೆಳಗೆ ತಿರುಗಿಸುವುದು. ಅನ್ನ ತೆಗೆದುಕೊಳ್ಳಲು ಅಂಗೈ ಮೇಲೆ ತಿರುಗಬೇಕಲ್ಲ, ಮೊದಲು ಹಿಡಿದುಕೊಳ್ಳುವುದು ಅದೇ ಚಲನೆ. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಒದ್ದೆ ಬಟ್ಟೆ ಹಿಂಡುವುದು ಆಮೇಲೆ. ಎಣ್ಣೆ ಹಾಕಿ ಜೋರಾಗಿ ನೀವಿಸುವುದು, ಲಟಿಕೆ ತೆಗೆಸುವುದು ಬೇಡ. ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಒಂದು ದಿನ ಇದ್ದಕ್ಕಿದ್ದಂತೆ ಆಗದೆ ಹೋದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಅಲ್ಲಿಯ ಸ್ನಾಯುರಜ್ಜು ಮೂಳೆಗೆ ಉಜ್ಜಿ ತುಂಡಾಗುವುದುಂಟು. ಕೈ ಕೆಂಪಗೆ, ಹೊಳಪಾಗಿ, ಮುಟ್ಟಿದರೆ ಉರಿಯುವಂತೆ ಆದರೂ ಹಾಗೇ, ತಡ ಮಾಡಬೇಡಿ.

ಮೇಷ್ಟ್ರೇ, ನಿಮ್ಮ ತಂದೆಯವರ ಭುಜದ ಮುರಿತಕ್ಕೂ ವಯಸ್ಸಾದವರಲ್ಲಿ ಎಷ್ಟೋ ಸಲ ಜೋಳಿಗೆ ಕಟ್ಟಿ, ಎರಡು ಮೂರು ವಾರದಲ್ಲಿ ಮುಂದಕ್ಕೆ ಬಾಗಿ ಕೈ ತೂಗಾಡಿಸುವ ವ್ಯಾಯಾಮ ಶುರು ಮಾಡಿಸುತ್ತೇವೆ. ತೋಳಿನ ನಡುಭಾಗ ಮುರಿದರೆ ಮಾತ್ರ ತಾಳ್ಮೆ ಜಾಸ್ತಿ ಬೇಕು. ಅಲ್ಲಿ ಕೂಡಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಕೂಡದೆ ಉಳಿಯುವ ಸಂಭವವೂ ಮಣಿಕಟ್ಟಿಗಿಂತ ಹೆಚ್ಚು.


ಮುಳಬಾಗಿಲ ಮಗಳು
ಐದು ವಾರದ ನಂತರ, ಭಾನುವಾರ, ಬೆಳಿಗ್ಗೆ 11:00

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಆ ಶುಕ್ರವಾರ ಎಲ್ಲ ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದೆ. ಡಾಕ್ಟರು ಸಮಾಧಾನವಾಗಿ ಕೂತು ಉತ್ತರ ಹೇಳಿದರು. ಮುರಿತ ಕೀಲಿನ ಒಳಗೆ ಹೋಗಿರಲಿಲ್ಲ. ಗಿಡ್ಡ ಆಗಿದ್ದು ಸ್ವಲ್ಪವೇ. ಅಮ್ಮನನ್ನೂ ಕೇಳಿ, ಪಟ್ಟಿಯಲ್ಲೇ ಬಿಡುವುದು ಅಂತ ತೀರ್ಮಾನ ಆಯಿತು. ಹತ್ತು ದಿನದ ಹಿಂದೆ ಪಟ್ಟಿ ಬಿಚ್ಚಿದರು. ಕೂಡಿದೆ. ಮಣಿಕಟ್ಟು ಸ್ವಲ್ಪ ಸೊಟ್ಟ ಕಾಣುತ್ತದೆ, ಹೊರಗಡೆ ಗಂಟು ಇದೆ. ಅಮ್ಮ ಅದನ್ನು ಆಗಾಗ ಸವರಿಕೊಳ್ಳುತ್ತಾರೆ. ಬೆರಳು ಮಾತ್ರ ಚೆನ್ನಾಗಿ ಮಡಚುತ್ತವೆ. ಮುದ್ದೆ ಕೋಲು ದಿನವೂ ನಡೆಯುತ್ತಿದೆ.

ಅಕ್ಕ, ಬೆನ್ನಿನ ಎಕ್ಸ್‌ರೇ ನೀವು ಹೇಳಿದ ಹಾಗೇ ಆಯಿತು. ಒಂದು ಮಣಿ ಮುಂದಿನ ಕಡೆ ಕುಸಿದಿದೆ, ಹಳೆಯದು. ಬೆಂಗಳೂರಿನಲ್ಲಿ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಸೊಂಟದಲ್ಲಿ ಟಿ ಸ್ಕೋರು (ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಅಂತೆ. ವಿಟಮಿನ್ ಡಿ ತುಂಬ ಕಡಿಮೆ ಇತ್ತು. ವಾರಕ್ಕೊಂದು 60,000 ಯೂನಿಟ್ ಪುಡಿ, 8 ವಾರ. ಅದಾದ ಮೇಲೆ ಮೂಳೆ ಸವೆಯುವುದನ್ನು ತಡೆಯಲು ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್, ಇಲ್ಲ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ ಅಂದರು. ಯಾವುದು ಒಳ್ಳೆಯದು? ಈ ಔಷಧಿಯಿಂದ ಕೂಡಿದ ಮೂಳೆಗೆ ತೊಂದರೆ ಆಗುತ್ತಾ? ಇನ್ನೊಂದು, ಅಮ್ಮ ಹಾಲು ಕರೆಯಬೇಕು ಅಂತ ಹಟ ಹಿಡಿದಿದ್ದಾರೆ. ಅತ್ತಿಗೆ ಕರೆದರೆ ಹಸು ಸೊರೆ ಬಿಡುವುದಿಲ್ಲವಂತೆ.


ನಿವೃತ್ತ ನರ್ಸ್, ಕೋಲಾರ
ಭಾನುವಾರ, ಸಂಜೆ 4:40

ಎಷ್ಟು ಸಂತೋಷ ಆಯಿತು ತಂಗಿ. ನೀನು ಚೀಟಿ ಬರೆದುಕೊಂಡು ಹೋದದ್ದು ಬಹಳ ಒಳ್ಳೆಯದಾಯಿತು.

ಎರಡೂ ಔಷಧಿ ಮೂಳೆ ಕೂಡುವುದನ್ನು ತಡೆಯುವುದಿಲ್ಲ. ಈ ಭಯ ಡಾಕ್ಟರುಗಳಿಗೂ ಇತ್ತು. ಮುರಿತವಾದ ಮೇಲೆ ಬೇಗನೆ ಶುರು ಮಾಡಿದವರನ್ನೂ ನೋಡಿದ್ದಾರೆ, ಕೂಡುವುದು ತಡವಾಗಲಿಲ್ಲ. ಮಾತ್ರೆಯಾದರೆ 70 ಮಿಲಿಗ್ರಾಂ, ವಾರಕ್ಕೆ ಒಂದು. ಬೆಳಿಗ್ಗೆ ಎದ್ದು ಬರಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಟೀ ಕೂಡ ಕುಡಿಯಬಾರದು. ಮಲಗಿದರೆ ಅನ್ನನಾಳ ಸುಡಬಹುದು, ಟೀ ಕುಡಿದರೆ ಔಷಧಿ ಮೈಗೆ ಹಿಡಿಯುವುದಿಲ್ಲ. ಅಮ್ಮ ಎದ್ದ ತಕ್ಷಣ ಟೀ ಕುಡಿದು ಕೊಟ್ಟಿಗೆಗೆ ಹೋಗುವವರು. ವಾರವಾರ ಇದನ್ನು ಪಾಲಿಸುವುದು ಅವರಿಗೆ ಕಷ್ಟ ಅನ್ನಿಸಿದರೆ ಡ್ರಿಪ್ಪು ಸಲೀಸು. ಅದಕ್ಕೆ ಮುಂಚೆ ಕಿಡ್ನಿ ಪರೀಕ್ಷೆ ಆಗಬೇಕು, ವಿಟಮಿನ್ ಡಿ ಸರಿಯಾಗಿರಬೇಕು. ಅಲುಗಾಡುವ ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ. ಡ್ರಿಪ್ಪಾದ ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಗಾಬರಿ ಬೇಡ.

60,000ದ ಪುಡಿಯನ್ನು ಹೇಳಿದ 8 ವಾರ ಮಾತ್ರ ಕೊಡು. ಒಳ್ಳೆಯದು ಅಂತ ವರ್ಷಗಟ್ಟಲೆ ವಾರವಾರ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಮುಂದೆ ಎಷ್ಟು ಅಂತ ಡಾಕ್ಟರು ಹೇಳುತ್ತಾರೆ.

ಇನ್ನೊಂದು ವಿಷಯ. ಮಂಡಿ ಸವೆತಕ್ಕೂ ಇದಕ್ಕೂ ನಮ್ಮ ಜನ ಮೂಳೆ ಸವೆತ ಅಂತ ಒಂದೇ ಹೆಸರು ಹೇಳುತ್ತಾರೆ. ಎರಡೂ ಬೇರೆ ಬೇರೆ. ಮಂಡಿ ನೋವಿನ ಮಾತ್ರೆ, ಊರಲ್ಲಿ ಸಿಗುವ ಯಾವುದೋ ಪುಡಿ ಇದಕ್ಕೆ ಆಗುವುದಿಲ್ಲ. ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಇರುವ ಮೂಳೆಯನ್ನೂ ತಿನ್ನುತ್ತದೆ.

ಹಾಲು ಕರೆಯುವುದು ಬಿದ್ದ ದಿನದಿಂದ ಮೂರು ತಿಂಗಳಾದ ಮೇಲೆ, ಅದೂ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಅಮ್ಮ ಹಸುವಿನ ಪಕ್ಕ ನಿಂತು ಎಡಗೈಯಲ್ಲಿ ಮೈ ಸವರುತ್ತಿರಲಿ, ಅತ್ತಿಗೆ ಕರೆಯಲಿ. ಅಮ್ಮನ ದನಿ ಕೇಳಿದರೆ ಹಸು ಸೊರೆ ಬಿಡಬಹುದು. ಶುರು ಮಾಡುವಾಗಲೂ ಮೊದಲು ಕರಾವು ಕಡಿಮೆ ಇರುವ ಹಸು ಒಂದೇ ಸಾಕು. ಕ್ಯಾನು ಹೊರುವುದು ಮಾತ್ರ ಇನ್ನು ಮೇಲೆ ಅಣ್ಣನ ಕೆಲಸ. ಆ ಚಪ್ಪಡಿಗೆ ಏನು ಮಾಡಿದಿರಿ?


ಮುಳಬಾಗಿಲ ಮಗಳು
ಭಾನುವಾರ, ರಾತ್ರಿ 9:05

ಅಕ್ಕ, ಅಣ್ಣ ಕಲ್ಲು ಕೆಲಸದವರನ್ನು ಕರೆಸಿ ಚಪ್ಪಡಿಯನ್ನು ಉಳಿಯಿಂದ ಒರಟು ಮಾಡಿಸಿದ್ದಾನೆ. ಕೊಟ್ಟಿಗೆ ಬಾಗಿಲಿಗೆ ಬಲ್ಬು ಹಾಕಿಸಿದ್ದಾನೆ. ಬಚ್ಚಲಿಗೆ ಹಿಡಿದುಕೊಳ್ಳಲು ಕಂಬಿ ಬರುವ ವಾರ. ಸಂಜೆ ನೀವು ಹೇಳಿದ ಹಾಗೆ ಅಮ್ಮ ಪಕ್ಕ ನಿಂತು ಮೈ ಸವರಿದರು. ಹಸು ಸೊರೆ ಬಿಟ್ಟಿತು. ಎರಡು ಲೋಟ ತೆಗೆದಿಟ್ಟು ಮಿಕ್ಕಿದ್ದನ್ನು ಅಣ್ಣ ಡೇರಿಗೆ ಹಾಕಿ ಬಂದ.